ಮಕ್ಕಳಿಗೆ ಬಡಿಸಿ ನಾನು ಚಹಾ ಕುಡಿದು ಮಲಗುತ್ತೇನೆ, ಇದೂ ಹಸಿವೇ?

ಪ್ರಶ್ನೆ: ನಾವಿಬ್ಬರೂ ದುಡಿಯುತ್ತೇವೆ. ಆದರೂ ತಿಂಗಳ ಕೊನೆಯ ವಾರ ಅಡುಗೆಮನೆಯ ಡಬ್ಬಿಗಳು ಬರಿದಾಗುತ್ತವೆ. ಮಕ್ಕಳಿಗೂ ಗಂಡನಿಗೂ ಬಡಿಸಿ, ರಾತ್ರಿ ನಾನು ಚಹಾ ಕುಡಿದು ಮಲಗುತ್ತೇನೆ. ತೂಕವೇನೂ ಇಳಿದಿಲ್ಲ, ಆದರೆ ರಕ್ತಹೀನತೆ ಇದೆಯೆಂದು ವೈದ್ಯರು ಹೇಳಿದ್ದಾರೆ. ಸಂಸಾರ ತೂಗಿಸಲು ನನಗೆ ಬರುವುದಿಲ್ಲವೇನೋ ಎಂದು ನಾಚಿಕೆಯಾಗುತ್ತದೆ.

ಉತ್ತರ: ಆ ನಾಚಿಕೆಯನ್ನು ಬಿಟ್ಟುಬಿಡಿ, ತಾಯಿ. ಬಾಡಿಗೆ, ಸಾಲದ ಕಂತು, ಬಸ್ ಚಾರ್ಜು ಯಾರ ಮಾತನ್ನೂ ಕೇಳುವುದಿಲ್ಲ. ದುಡಿಮೆ ಸಾಕಾಗದ ಮನೆಯಲ್ಲಿ ಕತ್ತರಿ ಹಾಕಲು ಉಳಿಯುವುದು ಊಟದ ಖರ್ಚೊಂದೇ. ಆ ಕತ್ತರಿ ಬಹಳಷ್ಟು ಮನೆಗಳಲ್ಲಿ ತಾಯಿಯ ತಟ್ಟೆಯಿಂದಲೇ ಶುರುವಾಗುತ್ತದೆ.

ಹೌದು, ನಿಮ್ಮದು ಹಸಿವೇ. ಆಹಾರದ ಅಭದ್ರತೆಯನ್ನು, ಅಂದರೆ ಸಾಕಷ್ಟು ಊಟ ಸಿಕ್ಕೀತೆಂಬ ಭರವಸೆಯಿಲ್ಲದ ಸ್ಥಿತಿಯನ್ನು, ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 8 ಪ್ರಶ್ನೆಗಳನ್ನು ಇಟ್ಟುಕೊಂಡಿದೆ. ಊಟಕ್ಕೆ ಸಾಲದೇನೋ ಎಂಬ ಚಿಂತೆ ಕಾಡಿತ್ತೇ ಎಂಬುದು ಮೊದಲನೆಯದು. ತಿನ್ನುವ ಬಗೆಗಳು ಕಡಿಮೆಯಾದವೇ, ಒಂದು ಹೊತ್ತಿನ ಊಟ ಬಿಟ್ಟಿರೇ, ಹಸಿದೂ ಉಣ್ಣಲಿಲ್ಲವೇ ಎಂದು ಅದು ಮುಂದುವರಿಯುತ್ತದೆ. ಕೊನೆಯದು ಇಡೀ ದಿನದ ಉಪವಾಸ. ಈ ಮೆಟ್ಟಿಲುಗಳಲ್ಲಿ ಹಲವನ್ನು ನೀವು ಸದ್ದಿಲ್ಲದೆ ಇಳಿದುಬಿಟ್ಟಿದ್ದೀರಿ.

ಇನ್ನು ತೂಕದ ಮಾತು. ಕೈ ಬಿಗಿಯಾದಾಗ ಹಣ್ಣು, ತರಕಾರಿ, ಬೇಳೆಕಾಳುಗಳು ಮರೆಯಾಗಿ, ಅಗ್ಗದಲ್ಲಿ ಹೊಟ್ಟೆ ತುಂಬಿಸುವ ಧಾನ್ಯ, ಎಣ್ಣೆ, ಸಕ್ಕರೆ ಉಳಿಯುತ್ತವೆ. ಇವುಗಳಿಂದ ತೂಕ ನಿಲ್ಲುತ್ತದೆ, ಕೆಲವರಲ್ಲಿ ಏರುವುದೂ ಉಂಟು. ರಕ್ತಕ್ಕೆ ಬೇಕಾದ ಕಬ್ಬಿಣಾಂಶ ಮಾತ್ರ ಸಾಲುವುದಿಲ್ಲ. ತಿಂಗಳು ತಿಂಗಳೂ ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುವ ಹೆಣ್ಣಿಗೆ ಈ ಕೊರತೆ ಬೇಗ ತಟ್ಟುತ್ತದೆ. ಚಹಾ ಹಸಿವನ್ನು ಮರೆಸುತ್ತದೆ, ನಿಜ. ಆದರೆ ಊಟದ ಜೊತೆಗೆ ಕುಡಿದರೆ ಇದ್ದಬದ್ದ ಕಬ್ಬಿಣಾಂಶವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ನೀವು ಊಟ ಬಿಡುತ್ತಿರುವ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಅದು ತಿಳಿಯದೆ ಅವರು ಕೊಡುವ ಚಿಕಿತ್ಸೆ ಅರ್ಧ ಚಿಕಿತ್ಸೆ. ಗರ್ಭಿಣಿಯಾಗಿದ್ದರೆ ಅಥವಾ ಹಾಲುಣಿಸುತ್ತಿದ್ದರೆ ಒಂದು ಹೊತ್ತನ್ನೂ ಬಿಡಬೇಡಿ.

ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀರಾ? ಇಂಥ ಮನೆಗಳ ಮಕ್ಕಳು ಡಬ್ಬಿಯ ಸದ್ದಿನಲ್ಲೇ ತಿಳಿದುಕೊಳ್ಳುತ್ತಾರೆ. ‘ನನಗೆ ಸಾಕಮ್ಮ’ ಎಂದು ಸುಳ್ಳು ಹೇಳಿ ಏಳುವುದನ್ನೂ ಕಲಿಯುತ್ತಾರೆ. ಐದು ವರ್ಷದೊಳಗಿನ ಮಗುವಿದ್ದರೆ ಆರೋಗ್ಯ ಕೇಂದ್ರದಲ್ಲಿ ತೋಳಿನ ಸುತ್ತಳತೆ ನೋಡಿಸಿ. ಆರು ತಿಂಗಳು ದಾಟಿದ ಮಗುವಿಗೆ ಅದು 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆಯ ಸೂಚನೆ, ಚಿಕಿತ್ಸೆಗೆ ತಡಮಾಡುವಂತಿಲ್ಲ.

ನಿಮ್ಮ ಪತಿಗೆ ಈ ವಿಷಯ ಗೊತ್ತಿದೆಯೇ ಎಂದು ನೀವು ಬರೆದಿಲ್ಲ. ಇಂದೇ ಹೇಳಿ. ಇರುವುದಿಷ್ಟೇ ಆದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಶಾಲೆಯಿಂದಲೋ ಸರ್ಕಾರದಿಂದಲೋ ಆಹಾರದ ನೆರವು ಸಿಗುವಂತಿದ್ದರೆ, ಡಬ್ಬಿ ತುಂಬಿರುವ ಮೊದಲ ವಾರದಲ್ಲೇ ಇಬ್ಬರೂ ಹೋಗಿ ಅರ್ಜಿ ಹಾಕಿ.