ಪಾವಗಡದಲ್ಲಿ ಸೇವಾ ಸಂಸ್ಥೆ ಶುರು ಮಾಡುವವರು ಮೊದಲು ಯಾವ ಕೆಲಸ ಹಿಡಿಯಬೇಕು?

ಗೆಳೆಯರೆಲ್ಲ ಸೇರಿ ಪಾವಗಡದಲ್ಲಿ ಟ್ರಸ್ಟ್ ಮಾಡಬೇಕೆಂದಿದ್ದೀರಿ. ವಯಸ್ಸಾದವರಿಗೆ, ಒಂಟಿ ಹೆಂಗಸರಿಗೆ ಕಂಬಳಿ ಹಂಚುವುದರಿಂದ ಶುರು ಮಾಡಿದರೆ ಹೇಗೆ ಅಂತ ಕೇಳಿದ್ದೀರಿ. ನಾನಾದರೆ ಕಂಬಳಿ ಬಿಟ್ಟು, ನಿಂತುಹೋದ ಪೆನ್ಷನ್ ಹಿಡಿಯಿರಿ ಅನ್ನುತ್ತೇನೆ. ಸರ್ಕಾರ ಮಂಜೂರು ಮಾಡಿಯೂ ಕೈಗೆ ಸೇರದ ದುಡ್ಡು ಊರೂರಲ್ಲಿದೆ. ಅದನ್ನು ಹುಡುಕಲು ಒಂದು ಮೇಜು, ಒಂದು ದಪ್ಪ ರಿಜಿಸ್ಟರ್, ತೆಲುಗು ಚೆನ್ನಾಗಿ ಬರುವ ಒಬ್ಬರು ಇದ್ದರೆ ಸಾಕು. ನಾಗಲಮಡಿಕೆ, ವೈ.ಎನ್. ಹೊಸಕೋಟೆ ಕಡೆ ತೆಲುಗಿಲ್ಲದೆ ಈ ಕೆಲಸ ಸಾಗುವುದಿಲ್ಲ.

"ಆರು ತಿಂಗಳಿಂದ ದುಡ್ಡು ಬಿದ್ದಿಲ್ಲ" ಅಂತ ಅಜ್ಜಿಯೊಬ್ಬರು ಬಂದರೆ ತಕ್ಷಣ ಹೊಸ ಅರ್ಜಿ ಬರೆಯಬೇಡಿ. ಮನೆಯಲ್ಲಿರುವ ಪಾಸ್‌ಬುಕ್ಕುಗಳನ್ನೆಲ್ಲ ತರಲು ಹೇಳಿ. ಪೆನ್ಷನ್ ಬೀಳುತ್ತಿದ್ದ ಪುಸ್ತಕ ಒಂದನ್ನೇ ತರುತ್ತಾರೆ, ಅದರಲ್ಲಿ ಉತ್ತರ ಇರುವುದಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ ಅಂಚೆ ಕಚೇರಿಯಲ್ಲೋ ಬೇರೆ ಬ್ಯಾಂಕಿನಲ್ಲೋ ಇನ್ನೊಂದು ಖಾತೆ ತೆರೆದವರು ಬೇಕಾದಷ್ಟು ಜನ. ಆಧಾರ್ ಮೂಲಕ ಬರುವ ಹಣ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಕೊನೆಗೆ ಯಾವ ಬ್ಯಾಂಕ್ ಸೇರಿದೆಯೋ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಹಳೆ ಪುಸ್ತಕದಲ್ಲಿ ಕಾಣದ ಪೆನ್ಷನ್ನಿನ 1,200 ರೂಪಾಯಿ ಹೊಸ ಪುಸ್ತಕದಲ್ಲಿ ತಿಂಗಳು ತಿಂಗಳೂ ಜಮೆಯಾಗಿ ಕೂತಿರುತ್ತದೆ. ಆ ಪುಸ್ತಕ ಎಂಟ್ರಿ ಹಾಕಿಸದೆ ಅಕ್ಕಿ ಡಬ್ಬಿಯ ಹಿಂದೆ ಬಿದ್ದಿರುತ್ತದೆ, ಅಷ್ಟೇ.

ಅಲ್ಲೂ ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ. "ಆಧಾರ್ ಲಿಂಕ್ ಆಗಿದೆಯಲ್ಲ" ಅಂತ ಕೌಂಟರಿನಲ್ಲಿ ಹೇಳಿ ಕಳಿಸುತ್ತಾರೆ, ಒಪ್ಪಿಕೊಂಡು ಬರಬೇಡಿ. ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಲಿಂಕ್ ಆಗುವುದು ಒಂದು, ಎನ್‌ಪಿಸಿಐ ಪಟ್ಟಿಗೆ ಖಾತೆ ಸೇರಿಸುವ ಸೀಡಿಂಗ್ ಇನ್ನೊಂದು. ಸೀಡಿಂಗ್‌ಗೆ ಬೇರೆಯೇ ಒಪ್ಪಿಗೆ ಫಾರಂ ಇದೆ. ಅದನ್ನು ತುಂಬಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ನಕಲಿನ ಮೇಲೆ ಬ್ಯಾಂಕಿನ ಸೀಲ್ ತಗೊಳ್ಳಿ. ಸೀಡಿಂಗ್ ಎಲ್ಲಿದೆ ಅಂತ ಆಧಾರ್ ಜಾಲತಾಣದಲ್ಲೇ ನೋಡಬಹುದು, ಆದರೆ ಓಟಿಪಿ ಬೇಕು. ಆಧಾರಿಗೆ ಕೊಟ್ಟ ನಂಬರು ಬೆಂಗಳೂರಿನಲ್ಲಿ ದುಡಿಯುವ ಮಗನದಾಗಿರುತ್ತದೆ, ಅಥವಾ ಯಾವತ್ತೋ ಸತ್ತ ಸಿಮ್ಮಿನದು. ಮಗನಿಗೆ ಫೋನ್ ಮಾಡಿ ಓಟಿಪಿ ಕೇಳಿದರೆ ಮೋಸಗಾರರು ಅಂದುಕೊಳ್ಳುತ್ತಾರೆ, ತಪ್ಪೇನಿಲ್ಲ. ಅಜ್ಜಿಯಿಂದಲೇ ಮಾತಾಡಿಸಿ. ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಇನ್ನೂ ಇಟ್ಟುಕೊಂಡವರಿಗೆ ಕೆನರಾದ್ದು ಮಾಡಿಸಿಕೊಡಿ. 2020ರ ಏಪ್ರಿಲ್‌ನಲ್ಲಿ ಕೆನರಾದಲ್ಲಿ ವಿಲೀನವಾದ ಮೇಲೆ ಐಎಫ್‌ಎಸ್‌ಸಿ (ಶಾಖೆಯ ಕೋಡ್) ಬದಲಾಗಿದೆ.

ಹೊಸ ಅರ್ಜಿಯೇ ಬೇಕಾದವರಿಗೆ ನಾಡಕಚೇರಿ. ವಯಸ್ಸಾದವರ ಸಂಧ್ಯಾ ಸುರಕ್ಷಾ ಪೆನ್ಷನ್‌ಗೆ 65 ವರ್ಷ ಆಗಿರಬೇಕು. ಎಪ್ಪತ್ತು ದಾಟಿದ ಮುಖಕ್ಕೂ ಆಧಾರಿನಲ್ಲಿ 62 ಅಂತಿರುವುದುಂಟು, ಕಾರ್ಡು ಮಾಡಿಸುವಾಗ ಅಂದಾಜಿಗೆ ಬರೆಸಿದ್ದು. 65 ಆಗಲಿ ಅಂತ ಕಾಯಬೇಕಿಲ್ಲ, ಬಿಪಿಎಲ್ ಮನೆಯವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ 60ಕ್ಕೇ ಶುರು, 800 ರೂಪಾಯಿ. ಆದಾಯ ಪತ್ರ ಎಡವುವ ಇನ್ನೊಂದು ಜಾಗ. ಪೆನ್ಷನ್‌ಗೆ ವರ್ಷದ ಆದಾಯ 32,000 ದಾಟಬಾರದು. ಮೊಮ್ಮಗನ ಸ್ಕಾಲರ್‌ಶಿಪ್ಪಿಗೆ ಮಾಡಿಸಿದ ಪತ್ರದಲ್ಲಿ 40,000 ಇದ್ದರೆ ಅದನ್ನೇ ತಂದು ಲಗತ್ತಿಸುತ್ತಾರೆ, ಅರ್ಜಿ ತಿರಸ್ಕಾರವಾಗುತ್ತದೆ, ಯಾಕೆ ಅಂತ ಯಾರೂ ಹೇಳುವುದಿಲ್ಲ.

ವಿಧವಾ ವೇತನದಲ್ಲಿ ತೊಡಕು ಗಂಡನ ಮರಣ ಪತ್ರದ್ದು. 21 ದಿನದೊಳಗೆ ನೋಂದಾಯಿಸಿದ್ದರೆ ಸಮಸ್ಯೆಯಿಲ್ಲ. ವರ್ಷ ದಾಟಿದ್ದರೆ ದಾಖಲೆ ಇಲ್ಲವೆಂಬ ಪತ್ರ ಹಿಡಿದು ಮಧುಗಿರಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಹೋಗಬೇಕು. ನಮ್ಮ ಗಡಿಯ ವಿಶೇಷ ಇನ್ನೊಂದಿದೆ: ಆಂಧ್ರದ ಹಿಂದೂಪುರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ನೋಂದಣಿ ಅಲ್ಲಿಯೇ, ಇಲ್ಲಿನ ಪಂಚಾಯಿತಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಹೆಸರಿನದೂ ಹೀಗೇ. ಆಧಾರಿನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ ಇದ್ದರೆ ಅರ್ಜಿಗೂ ಮುಂಚೆ ಅದನ್ನು ಸರಿ ಮಾಡಿಸಿ.

ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಜೊತೆ ಮಾಡಿಕೊಳ್ಳಿ. ವೇತನಕ್ಕೆ ಕನಿಷ್ಠ ಶೇ. 40 ಅಂಗವೈಕಲ್ಯ ಇರಬೇಕು. ಜಿಲ್ಲಾಸ್ಪತ್ರೆಗೇ ಹೋಗಬೇಕಾದಾಗ, ಕಿವಿಯ ತಜ್ಞರೋ ಮೂಳೆಯವರೋ ಯಾವ ದಿನ ಕೂರುತ್ತಾರೆ ಅಂತ ಫೋನಿನಲ್ಲಿ ವಿಚಾರಿಸದೆ ಯಾರನ್ನೂ ಬಸ್ ಹತ್ತಿಸಬೇಡಿ. ತುಮಕೂರು ಸುಮಾರು ನೂರು ಕಿಲೋಮೀಟರು. ಜೊತೆಗೆ ಬರುವವರದೂ ಸೇರಿ ಎರಡು ದಿನದ ಕೂಲಿ ಹೋಗುತ್ತದೆ.

ರಿಜಿಸ್ಟರಿನಲ್ಲಿ ಹೆಸರು, ಊರು, ಅರ್ಜಿ ಸಂಖ್ಯೆ, ಎಲ್ಲಿ ಸಿಕ್ಕಿಬಿದ್ದಿದೆ (ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರ್, ಬ್ಯಾಂಕ್), ಮುಂದಿನ ಬಾರಿ ಯಾವತ್ತು ವಿಚಾರಿಸಬೇಕು, ಇಷ್ಟು ಕಾಲಂ ಸಾಕು. ಕೊನೆಯ ಕಾಲಂ ಖಾಲಿ ಬಿಟ್ಟರೆ ಆ ಅರ್ಜಿ ಸತ್ತಂತೆ. ಆಧಾರ್ ನಂಬರನ್ನು ಪೂರ್ತಿ ಬರೆದಿಡಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಮೂಲ ಕಾಗದ ಯಾವುದನ್ನೂ ರಾತ್ರಿ ನಿಮ್ಮಲ್ಲಿ ಇಟ್ಟುಕೊಳ್ಳಬೇಡಿ.

ಟ್ರಸ್ಟ್ ಡೀಡ್, 12ಎ, 80ಜಿ ಅನ್ನುವ ತೆರಿಗೆ ವಿನಾಯಿತಿ ನೋಂದಣಿ ಎಲ್ಲ ಆಮೇಲೆ ಆಗುತ್ತದೆ. ಆರು ತಿಂಗಳು ಮೇಜು ನಡೆಸಿ ನೋಡಿ. "ಇಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ" ಅನ್ನುವ ಬೋರ್ಡನ್ನು ಮಾತ್ರ ಮೊದಲ ದಿನವೇ, ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿ ಹಾಕಿ. ಇಲ್ಲದಿದ್ದರೆ ನಿಮ್ಮ ಹೆಸರು ಹೇಳಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಐನೂರು ವಸೂಲಿ ಮಾಡುತ್ತಿರುತ್ತಾರೆ.