ಸೇವೆಗೆ ಹೊರಟ ಮನೆ, ಮಾತು ಬಿಟ್ಟ ಮಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು, ಸಂದರ್ಭ ಮತ್ತು ಸ್ಥಳದ ವಿವರಗಳನ್ನು ಬದಲಿಸಲಾಗಿದೆ.)

“ಮಗಳಿಗೆ ಕರುಣೆ ಅನ್ನೋದೇ ಇಲ್ಲ. ತಾನಾಯ್ತು, ತನ್ನ ಫೋನಾಯ್ತು.” ತಂದೆಯ ದೂರು ಶುರುವಾಗಿದ್ದೇ ಹೀಗೆ. ತಾಯಿಯದು ಬೇರೆ ಸಂಕಟ: ನಾಲ್ಕು ಜನಕ್ಕೆ ಒಳ್ಳೆಯದು ಮಾಡೋಣ ಅಂತ ಹೊರಟು, ಮನೆಯೊಳಗಿನ ನಾಲ್ವರಲ್ಲೇ ಮಾತುಕತೆ ನಿಂತುಹೋಗಿದೆ.

ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳಿಗೆ 14 ವರ್ಷ, ಮಗನಿಗೆ 8. ಮಗನ ಹುಟ್ಟುಹಬ್ಬವನ್ನು, ಮನೆಯವರ ಆಸರೆಯಿಲ್ಲದ ಮಕ್ಕಳು ಉಳಿದುಕೊಳ್ಳುವ ಪಾಲನಾ ಕೇಂದ್ರವೊಂದರಲ್ಲಿ ಆಚರಿಸಿ, ಅಲ್ಲಿನ ಮಕ್ಕಳಿಗೆ ಉಡುಗೊರೆ ಹಂಚಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಂಡಿದ್ದರು. ಅಂದಿನಿಂದ ಮಗಳು ಇಂಥ ಯಾವ ಕೆಲಸಕ್ಕೂ ಬರಲೊಲ್ಲೆ ಎಂದು ಹಟ ಹಿಡಿದಿದ್ದಾಳೆ. ಮಗ ರಾತ್ರಿ ಮಲಗುವ ಹೊತ್ತಿಗೆ ಕಾರಣವಿಲ್ಲದೆ ಅಳುತ್ತಾನೆ.

ಇಬ್ಬರು ಮಕ್ಕಳ ಜೊತೆಗೂ ಪ್ರತ್ಯೇಕವಾಗಿ ಮಾತಾಡಿದಾಗ ಚಿತ್ರವೇ ಬದಲಾಯಿತು. ಫೋಟೊದಲ್ಲಿದ್ದ ಹುಡುಗಿಯೊಬ್ಬಳು ಮಗಳ ಶಾಲೆಯಲ್ಲೇ ಎರಡು ತರಗತಿ ಕೆಳಗೆ ಓದುತ್ತಾಳೆ. ತಂದೆ ಬಂಧುಗಳ ಗುಂಪಿಗೆ ಹಾಕಿದ ಫೋಟೊ ಕೈಯಿಂದ ಕೈಗೆ ದಾಟಿ ಶಾಲೆಯ ಪೋಷಕರ ಗುಂಪಿಗೂ ಬಂತು. ಆಕೆ ಇರುವುದು ಪಾಲನಾ ಕೇಂದ್ರದಲ್ಲಿ ಎಂಬುದು ಅಲ್ಲಿಯವರೆಗೆ ಸಹಪಾಠಿಗಳಿಗೆ ಗೊತ್ತಿರಲಿಲ್ಲ. ಈಗ ಮಗಳು ಎದುರಾದರೆ ಆಕೆ ಮುಖ ತಿರುಗಿಸಿ ಹೋಗುತ್ತಾಳೆ. “ಮನೇಲಿ ಹೇಳಿದ್ರೆ, ಒಳ್ಳೇದು ಮಾಡೋಕೆ ಹೋದರೂ ತಪ್ಪಾ ಅಂತಾರೆ” ಎಂದು ಮಗಳು ಸುಮ್ಮನಿದ್ದಳು. ಮಗನದು ಇನ್ನೂ ಸರಳ. ಅಲ್ಲಿನ ಹುಡುಗನೊಬ್ಬನಿಗೆ “ಮುಂದಿನ ವಾರ ಬರ್ತೀನಿ” ಎಂದು ಮಾತು ಕೊಟ್ಟಿದ್ದ. ಮನೆಯವರು ಮತ್ತೆ ಹೋಗಲಿಲ್ಲ. “ಅವನು ಕಾಯ್ತಿರ್ತಾನಾ?” ಎಂಬುದೇ ರಾತ್ರಿಯ ಅಳುವಿಗೆ ಕಾರಣ.

ಕರುಣೆಯಿಲ್ಲ ಎನಿಸಿಕೊಂಡ ಮಗಳೇ ಆ ಮನೆಯಲ್ಲಿ ಇನ್ನೊಂದು ಮಗುವಿನ ಮಾನದ ಬಗ್ಗೆ ಎಲ್ಲರಿಗಿಂತ ಹೆಚ್ಚು ಯೋಚಿಸಿದವಳು. ಇದನ್ನು ತಂದೆಗೆ ಹೇಳಿದ್ದು ಮಗಳ ಒಪ್ಪಿಗೆ ಪಡೆದ ನಂತರವೇ.

ಇಲ್ಲಿ ಯಾರದ್ದೂ ದುರುದ್ದೇಶವಿಲ್ಲ, ಆದರೂ ಪೆಟ್ಟು ನಿಜ. ಪಾಲನಾ ಕೇಂದ್ರದ ಮಕ್ಕಳ ಬದುಕಿನಲ್ಲಿ ದೊಡ್ಡವರು ಬರುವುದು, ಹೋಗುವುದು ನಡೆದೇ ಇರುತ್ತದೆ. ಒಂದು ದಿನ ಮುದ್ದಿಸಿ ಮರೆಯಾಗುವ ಪ್ರತಿ ಅತಿಥಿಯೂ ಅದೇ ಅನುಭವವನ್ನು ಮರುಕಳಿಸುತ್ತಾರೆ. ಪಾಲನಾ ಕೇಂದ್ರಗಳಲ್ಲಿನ ಸ್ವಯಂಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯೇ 2019ರ ಡಿಸೆಂಬರ್‌ನ ನಿರ್ಣಯದಲ್ಲಿ ದೇಶಗಳನ್ನು ಒತ್ತಾಯಿಸಿದೆ. ಫೋಟೊದ ವಿಷಯವೂ ಹಾಗೆಯೇ: ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನು ಕಾಯುತ್ತದೆ. ಉಡುಗೊರೆ ಪಡೆದ ಮಗು ಆ ಹಕ್ಕನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ.

ಮೊದಲ ಸಲಹೆ ಹೊಸ ಸೇವೆಯದಲ್ಲ, ಆದದ್ದನ್ನು ಸರಿಪಡಿಸುವುದು. ತಂದೆ ಫೋಟೊ ಅಳಿಸಿ, ಮುಂದೆ ಕಳಿಸಿದವರೂ ಅಳಿಸಬೇಕೆಂದು ಗುಂಪಿನಲ್ಲಿ ಎರಡೇ ಸಾಲು ಬರೆಯಬೇಕು. ವಿವರಣೆ, ಸಮಜಾಯಿಷಿ ಬೇಡ. ಬರೆದಷ್ಟೂ ಆ ಹುಡುಗಿಯ ಕಡೆಗೇ ಬೆರಳು ತೋರಿಸಿದಂತೆ. ಪಾಲನಾ ಕೇಂದ್ರದ ಮುಖ್ಯಸ್ಥರಿಗೆ ವಿಷಯ ತಿಳಿಸಬೇಕು. ಮಗಳು ಆಕೆಯನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳುವುದು ಬೇಡವೆಂದೆವು, ಏಕೆಂದರೆ “ಪರವಾಗಿಲ್ಲ” ಎನ್ನಬೇಕಾದ ಭಾರವೂ ಆಕೆಯ ಮೇಲೇ ಬೀಳುತ್ತದೆ. ಮಗನ ಮಾತಿನ ವಿಷಯದಲ್ಲಿ ಇನ್ನೊಮ್ಮೆ ಹೋಗಿ ಬರೋಣವೆಂದು ತಾಯಿ ಹೊರಟಿದ್ದರು. ಅದರಿಂದ ಹೊಸ ಕಾಯುವಿಕೆ ಶುರುವಾಗುತ್ತದೆ, ಅಷ್ಟೆ. ಬದಲಿಗೆ ಅಲ್ಲಿನ ಸಿಬ್ಬಂದಿಯ ಒಪ್ಪಿಗೆ ಪಡೆದು ಮಗ ಒಂದು ಕಾರ್ಡು ಬರೆದ: “ಬರ್ತೀನಿ ಅಂದಿದ್ದು ನನಗೆ ನೆನಪಿದೆ. ಬರೋಕೆ ಆಗಲ್ಲ. ನಿನ್ನ ಜೊತೆ ಆಡಿದ್ದು ಇಷ್ಟ ಆಯ್ತು.” ನಂತರ ರಾತ್ರಿಯ ಅಳು ಕಡಿಮೆಯಾಯಿತು.

ಎರಡನೆಯದು ಸಮಯದ ಲೆಕ್ಕ. ವಾರಾಂತ್ಯವಿಡೀ ಬಿಡುವಿದೆ ಎಂಬುದು ತಂದೆಯ ಎಣಿಕೆ. ಎರಡು ವಾರ ಗೋಡೆಗೆ ಹಾಳೆ ಅಂಟಿಸಿ, ಪ್ರತಿಯೊಬ್ಬರೂ ನಿಜಕ್ಕೂ ಬಿಡುವಾಗಿದ್ದ ಗಂಟೆಗಳನ್ನು ಗುರುತು ಹಾಕಲು ಹೇಳಿದೆವು. ನಾಲ್ವರಿಗೂ ಹೊಂದಿದ್ದು ಶನಿವಾರ ಸಂಜೆಯ ಎರಡೂವರೆ ಗಂಟೆ ಮಾತ್ರ. ಹೋಗಿಬರುವ ಹೊತ್ತು ಕಳೆದರೆ ಕೆಲಸಕ್ಕೆ ಒಂದೂಮುಕ್ಕಾಲು ಗಂಟೆ. ಅಷ್ಟು ಸಾಕು. ತಿಂಗಳಿಗೊಮ್ಮೆ ಇಡೀ ದಿನ ಬರುವ ಕುಟುಂಬಕ್ಕಿಂತ, ವಾರವೂ ಹೇಳಿದ ಹೊತ್ತಿಗೆ ಬಂದು ಒಂದೂವರೆ ಗಂಟೆ ದುಡಿಯುವ ಕುಟುಂಬವನ್ನು ನಂಬಿ ಸಂಸ್ಥೆ ಕೆಲಸ ಹಂಚಬಲ್ಲದು.

ಮೂರನೆಯದು ಹುಡುಕಾಟ. ನಮಗೇನು ಕೊಡಬೇಕೆನಿಸುತ್ತದೆ ಎಂಬಲ್ಲಿಂದ ಹೊರಟರೆ ಹಳೆಯ ದಾರಿಗೇ ಬಂದು ನಿಲ್ಲುತ್ತೇವೆ. ಕಷ್ಟದಲ್ಲಿರುವ ಸಮುದಾಯದ ನಡುವೆ ಈಗಾಗಲೇ ಯಾರು ದುಡಿಯುತ್ತಿದ್ದಾರೆ, ಅವರಲ್ಲಿ ಆ ಸಮುದಾಯದವರೇ ಎಷ್ಟು ಮಂದಿ ಎಂದು ನೋಡಬೇಕು. ಆಮೇಲೆ ಫೋನು ಮಾಡಿ ಕೇಳಬೇಕು: ಕಳೆದ ತಿಂಗಳು ಜನವಿಲ್ಲದೆ ಯಾವ ಕೆಲಸ ನಿಂತಿತು? ಅದಕ್ಕೆ ಯಾವ ಹೊತ್ತಿನಲ್ಲಿ ಜನ ಬೇಕು? ಎಷ್ಟು ವಯಸ್ಸಿನ ಮಕ್ಕಳನ್ನು ಯಾವ ಕೆಲಸಕ್ಕೆ ಸೇರಿಸುತ್ತೀರಿ? ನಮ್ಮನ್ನು ನೋಡಿಕೊಳ್ಳುವವರು ಯಾರು, ಬರಲಾಗದಿದ್ದರೆ ಯಾರಿಗೆ ಹೇಳಬೇಕು? ಏನನ್ನು ತರಬಾರದು? ಕೊನೆಯದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಗೋದಾಮುಗಳು ಬೇಡದ ವಸ್ತುಗಳಿಂದ ತುಂಬುತ್ತವೆ. ಗುರುತಿನ ಚೀಟಿಯನ್ನೂ ಕೇಳದೆ, ಬಂದ ದಿನವೇ ಮಕ್ಕಳ ಕೋಣೆಗೆ ಬಿಡುವ ಜಾಗವಾದರೆ ಅದರಿಂದ ದೂರವಿರಬೇಕು.

ತಾಯಿ ಮೂರು ಕಡೆ ವಿಚಾರಿಸಿದರು. ಒಂದರಲ್ಲಿ ಕೆಲಸ ವಾರದ ದಿನಗಳಲ್ಲಿ ಮಾತ್ರ. ಇನ್ನೊಂದರಲ್ಲಿ 18 ತುಂಬಿದವರಿಗಷ್ಟೇ ಪ್ರವೇಶ. ಮೂರನೆಯದು ದುಡಿಮೆ ಕಳೆದುಕೊಂಡ ಕುಟುಂಬಗಳ ಬಡಾವಣೆಯಲ್ಲಿ ಅಲ್ಲಿನವರೇ ನಡೆಸುವ ಸಂಜೆಯ ಓದುಮನೆ. ಪಕ್ಕದಲ್ಲೇ ದಿನಸಿ ಹಂಚುವ ಉಗ್ರಾಣ. ಮೂರು ತಿಂಗಳಿಗೆಂದು ಒಪ್ಪಿಕೊಳ್ಳಿ, ಸದಾಕಾಲಕ್ಕೆಂದು ಬೇಡ ಎಂದು ಸಲಹೆ ಕೊಟ್ಟೆವು. ಮುಗಿಯುವ ದಿನ ಮೊದಲೇ ಗೊತ್ತಿದ್ದರೆ ಬಿಟ್ಟುಹೋಗುವುದೂ ಮರ್ಯಾದೆಯಿಂದ ಆಗುತ್ತದೆ.

ಇನ್ನು ಕೆಲಸದ ಹಂಚಿಕೆ. ಎಂಟರ ಹುಡುಗನಿಗೆ ಬೇಕಾದದ್ದು ಶುರು ಮತ್ತು ಮುಕ್ತಾಯ ಎರಡೂ ಕಣ್ಣಿಗೆ ಕಾಣುವ ಕೆಲಸ. ಅವನಿಗೆ ಸಿಕ್ಕಿದ್ದು ಉಗ್ರಾಣದ ಮೇಜು. ಬಂದ ಪೊಟ್ಟಣಗಳ ಅವಧಿ ಮುಗಿಯುವ ದಿನಾಂಕ ಹುಡುಕಿ, ದಪ್ಪ ಮಾರ್ಕರಿನಲ್ಲಿ ಎದುರಿಗೆ ಕಾಣುವಂತೆ ಬರೆದು, ಮೂರು ಬುಟ್ಟಿಗೆ ಹಾಕುವುದು: ಅವಧಿ ಮೀರಿದ್ದು, ತಿಂಗಳೊಳಗೆ ಮುಗಿಯುವುದು, ಉಳಿದದ್ದು. ಬೇಗ ಮುಗಿಯುವುದನ್ನು ಕಪಾಟಿನ ಮುಂದೆಯೇ ಇಡಬೇಕು. ಹೊಸದನ್ನು ಮುಂದಿಟ್ಟರೆ ಹಳೆಯದು ಹಿಂದಕ್ಕೆ ಸರಿದು ಅಲ್ಲೇ ಹಾಳಾಗುತ್ತದೆ. ಮೊದಲ ವಾರ ಅವನು ತಯಾರಾದ ದಿನಾಂಕವನ್ನೇ ಮುಗಿಯುವ ದಿನಾಂಕವೆಂದು ಓದಿ, ಒಳ್ಳೆಯ ಪೊಟ್ಟಣಗಳನ್ನೆಲ್ಲ ಮೊದಲ ಬುಟ್ಟಿಗೆ ತುಂಬಿದ. ಕೆಲವು ಪೊಟ್ಟಣಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ ಇರುವುದೂ ಗೊಂದಲಕ್ಕೆ ಕಾರಣ. ಅಂದಿನಿಂದ ದೊಡ್ಡವರೊಬ್ಬರು ಪ್ರತಿ ಬುಟ್ಟಿಯಿಂದ ಐದೈದು ಪೊಟ್ಟಣ ತೆಗೆದು ನೋಡುತ್ತಾರೆ. ಮೊದಲ ಬುಟ್ಟಿಯನ್ನಂತೂ ಪೂರ್ತಿ ನೋಡಿಯೇ ವಿಲೇವಾರಿ. ನಲವತ್ತು ನಿಮಿಷಕ್ಕೆ ಅವನ ಕೆಲಸ ಮುಗಿಯುತ್ತದೆ. ಅದಕ್ಕೆ ಮೀರಿ ಎಳೆದರೆ ತಪ್ಪು ಹೆಚ್ಚುತ್ತದೆ. ಭಾರ ಹೊರುವ ವಿಷಯಕ್ಕೆ ಮನೆಯವರಿಗೆ ಹೇಳಿದ ಅಳತೆ ಇದು: ಎತ್ತಿಕೊಂಡು ನಡೆಯುತ್ತ ಮಾತಾಡಲು ಆಗದಷ್ಟು ಭಾರವಿದ್ದರೆ ಅದು ಮಗುವಿನ ಪೆಟ್ಟಿಗೆಯಲ್ಲ.

ಮಗಳಿಗೆ ಬರಲೇಬೇಕೆಂಬ ಒತ್ತಾಯ ಇರಕೂಡದು ಎಂಬುದು ನಮ್ಮ ಷರತ್ತಾಗಿತ್ತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಅದೇ ಒಡಂಬಡಿಕೆಯ 12ನೇ ವಿಧಿಯಂತೆ ಆಕೆಗೂ ಇದೆ. ಮೂರನೆಯ ವಾರ ತಾನಾಗಿ ಬಂದಳು, ಯಾರಿಗೂ ಎದುರಾಗದ ಕೆಲಸ ಕೇಳಿದಳು. ಓದುಮನೆಯ ಹರಿದ ಪುಸ್ತಕಗಳ ದುರಸ್ತಿ ಸಿಕ್ಕಿತು. ಸಾಮಾನ್ಯ ಸೆಲ್ಲೋಟೇಪು ಕೆಲವು ವರ್ಷದಲ್ಲಿ ಹಳದಿಯಾಗುತ್ತದೆ, ಅಂಟು ಹೊರಗೆ ಜಿನುಗಿ ಪುಟಗಳು ಒಂದಕ್ಕೊಂದು ಹಿಡಿಯುತ್ತವೆ. ಆದ್ದರಿಂದ ತೆಳ್ಳನೆಯ ಕಾಗದದ ಪಟ್ಟಿ, ಗಂಜಿಯಂಟು. ಅಂಟನ್ನು ತೆಳುವಾಗಿ ಸವರಿ, ಎರಡೂ ಬದಿ ಎಣ್ಣೆಕಾಗದ ಇಟ್ಟು, ಮೇಲೆ ಭಾರವಿಟ್ಟು ಒಣಗಿಸಬೇಕು. ಅಂಟು ಹೆಚ್ಚಾದರೆ ಪುಟ ಸುಕ್ಕುಗಟ್ಟುತ್ತದೆ. ಕೈಗೆ ಕೆಲಸ ಹತ್ತಿತು. ಕೆಲವು ವಾರಗಳಾದ ಮೇಲೆ ಪುಟ್ಟ ಹುಡುಗಿಯೊಬ್ಬಳು ದುರಸ್ತಿಯಾದ ಪುಸ್ತಕ ಹಿಡಿದು ಪಕ್ಕ ಬಂದು ಕೂತಳು, ಇಬ್ಬರೂ ಓದಿದರು. ಅದನ್ನು ಯಾರೂ ಏರ್ಪಡಿಸಿರಲಿಲ್ಲ.

ತಂದೆಗೆ ಅರ್ಜಿ ತುಂಬಲು ನೆರವಾಗುವ ಕೆಲಸ. ಬೇಗ ಮುಗಿಯಲೆಂದು ತಾವೇ ಪೆನ್ನು ಹಿಡಿದು ಬರೆಯುತ್ತಿದ್ದರು. ಹಾಗಾದರೆ ಮುಂದಿನ ಅರ್ಜಿಗೂ ಆ ವ್ಯಕ್ತಿ ಇನ್ನೊಬ್ಬರ ಬಾಗಿಲಿಗೇ ಹೋಗಬೇಕಾಗುತ್ತದೆ. ಓದುಬರಹ ಬಲ್ಲವರಾದರೆ ಪೆನ್ನು ಅರ್ಜಿದಾರರ ಕೈಯಲ್ಲೇ ಇರಲಿ, ನೀವು ಕಾಲಂ ಓದಿ ಹೇಳಿ ಎಂದೆವು. ಮೂಲ ದಾಖಲೆಗಳನ್ನು ಒಂದು ರಾತ್ರಿಗೂ ಇಟ್ಟುಕೊಳ್ಳಬಾರದು. ತಾಯಿ ಮಕ್ಕಳ ಓದು ಕೇಳುತ್ತಾರೆ, ತೆರೆದ ಬಾಗಿಲ ಕೋಣೆಯಲ್ಲಿ, ಸದಾ ಇನ್ನೊಬ್ಬ ದೊಡ್ಡವರ ಕಣ್ಣಳತೆಯಲ್ಲಿ. ಇದು ಅನುಮಾನವಲ್ಲ, ಮಗುವಿಗೂ ದೊಡ್ಡವರಿಗೂ ಇರುವ ರಕ್ಷಣೆ.

ನಡುವೆ ಎರಡು ಎಡವಟ್ಟುಗಳಾದವು. ತಂದೆ ಹೇಳದೆ ಕೇಳದೆ ಒಂದು ದೊಡ್ಡ ಪೆಟ್ಟಿಗೆ ಹಳೆಯ ಬಟ್ಟೆ ತಂದರು. ಅದನ್ನು ವಿಂಗಡಿಸುವುದರಲ್ಲೇ ಅಂದಿನ ಓದಿನ ಹೊತ್ತು ಕಳೆಯಿತು, ಅರ್ಧಕ್ಕಿಂತ ಹೆಚ್ಚು ಬಟ್ಟೆ ತೊಡುವಂತಿರಲಿಲ್ಲ. ದೊಡ್ಡ ವಿಕೋಪಗಳ ನಂತರ ಎಲ್ಲೆಡೆ ಕಾಣುವ ಸಮಸ್ಯೆಯೇ ಇದು: ಕೇಳದ ಬಟ್ಟೆಗಳ ರಾಶಿ ಜಾಗ ತಿನ್ನುತ್ತದೆ, ಬೇಕಾದ ಸಾಮಾನಿಗೆ ದಾರಿ ಕಟ್ಟುತ್ತದೆ. ಬೇಕಾದ್ದರ ಪಟ್ಟಿ ಕೇಳಿ, ಇಲ್ಲವೇ ತಿಂಗಳಿಗಿಷ್ಟು ಎಂದು ಸಣ್ಣ ಮೊತ್ತ ತಪ್ಪದೆ ಕೊಡಿ ಎಂದು ಹೇಳಿದೆವು. ಇನ್ನೊಂದು ಶನಿವಾರ, ಬರುವುದಿಲ್ಲವೆಂದು ತಿಳಿಸಿದ್ದು ಗಂಟೆ ಮೊದಲು. ಮಕ್ಕಳು ಆಗಲೇ ಬಂದು ಕೂತಿದ್ದರು. ಈಗ ಬದಲಿಗೆ ಬರಬಲ್ಲ ಇನ್ನೊಂದು ಕುಟುಂಬದೊಂದಿಗೆ ಜೋಡಿ ಮಾಡಿಕೊಂಡಿದ್ದಾರೆ. ತಿಳಿಸಬೇಕಾದ್ದು ಎರಡು ದಿನ ಮೊದಲು.

ಮನೆಗೆ ಬಂದ ಮೇಲಿನ ಮಾತುಕತೆಗೂ ಒಂದು ಎಚ್ಚರಿಕೆ ಕೊಟ್ಟೆವು. “ಅವರನ್ನು ನೋಡಿ, ನಿಮಗೆ ಎಷ್ಟೆಲ್ಲ ಇದೆ” ಎನ್ನುವ ಮಾತು ಬೇಡವೇ ಬೇಡ. ಇನ್ನೊಬ್ಬರ ಕಷ್ಟ ನಮ್ಮ ಮಕ್ಕಳ ನೀತಿಪಾಠಕ್ಕೆ ಇರುವ ಸಾಮಗ್ರಿಯಲ್ಲ, ಮಗಳಿಗೆ ಮೊದಲಿಂದಲೂ ಚುಚ್ಚುತ್ತಿದ್ದುದು ಅದೇ. ಊಟವಾದ ಮೇಲೆ ಮೂರು ಪ್ರಶ್ನೆ ಸಾಕು: ಇವತ್ತು ಏನು ಕೆಲಸ ಆಯ್ತು, ಏನು ಕಷ್ಟ ಅನಿಸ್ತು, ಮುಂದಿನ ವಾರ ಏನು ಬದಲಿಸೋಣ. ಮಕ್ಕಳಲ್ಲಿ ನಿದ್ದೆ ಕೆಟ್ಟರೆ, ಶನಿವಾರ ಬಂದರೆ ಹೊಟ್ಟೆನೋವು ಎಂದರೆ, ತಮ್ಮ ವಸ್ತುಗಳನ್ನೆಲ್ಲ ಕೊಟ್ಟುಬಿಡಲು ಹೊರಟರೆ, ಎರಡು ವಾರ ಬಿಡುವು ಕೊಟ್ಟು ನಮ್ಮ ಬಳಿ ಬರಬೇಕು.

ಹನ್ನೆರಡನೆಯ ವಾರದ ಭೇಟಿಯಲ್ಲಿ ತಂದೆ ಮಗಳನ್ನು ಕೇಳಿದರು, “ಫೋಟೊ ವಿಷಯ ಅವತ್ತೇ ಯಾಕೆ ಹೇಳಲಿಲ್ಲ?” ಅದನ್ನೇ “ಹೇಳಿದ್ದರೆ ನಾನು ಕೇಳಿಸಿಕೊಳ್ತಿದ್ನಾ?” ಎಂದು ತಿರುಗಿಸಿ ಕೇಳಿ ನೋಡಿ ಎಂದೆವು. ಕೇಳಿದರು. ಮಗಳು ಇಲ್ಲ ಎಂದಳು, ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕುಟುಂಬ ಇನ್ನೂ ಮೂರು ತಿಂಗಳು ಮುಂದುವರಿಯಲು ಒಪ್ಪಿದೆ. ಮಗಳಿಗೆ ಪರೀಕ್ಷೆಯಿರುವ ತಿಂಗಳು ಆಕೆ ಬರುವುದಿಲ್ಲ. ಓದುಮನೆಗೆ ಅದನ್ನು ಈಗಲೇ ತಿಳಿಸಿದ್ದಾರೆ, ಅಷ್ಟರೊಳಗೆ ಅಲ್ಲಿಯ ಇಬ್ಬರು ಹಿರಿಯ ವಿದ್ಯಾರ್ಥಿಗಳಿಗೆ ಪುಸ್ತಕ ದುರಸ್ತಿ ಕಲಿಸಿಕೊಡಲು ಮಗಳು ಒಪ್ಪಿದ್ದಾಳೆ.