ತಂಗಿ ದಪ್ಪ ಆಗ್ತೀನಿ ಅಂತ ಊಟ ಬಿಡ್ತಿದ್ದಾಳೆ, ಇದು ಮಾನಸಿಕ ಸಮಸ್ಯೆನಾ?

ಆಗಿರಬಹುದು. ಕಲಬುರಗಿಯಲ್ಲಿ ಪಿಯುಸಿ ಓದುವ ತಂಗಿ ಅರ್ಧ ರೊಟ್ಟಿಗೇ ಏಳುತ್ತಾಳೆ, ಸದಾ ಕನ್ನಡಿ ಮುಂದೆ ಇರುತ್ತಾಳೆ ಎಂದಿದ್ದೀರಿ. ಬರೀ ಕನ್ನಡಿಯಾಗಿದ್ದರೆ ಆ ವಯಸ್ಸಿಗೆ ಸಹಜ ಅನ್ನಬಹುದಿತ್ತು. ಊಟ ಬಿಡುವುದು ಹಾಗಲ್ಲ. ಮುಟ್ಟು ತಪ್ಪಿದೆಯಾ, ತಲೆ ಸುತ್ತುತ್ತದೆಯಾ, ಉಂಡ ಮೇಲೆ ಬೇಕಂತಲೇ ವಾಂತಿ ಮಾಡುತ್ತಾಳಾ? ಮೆಲ್ಲಗೆ ಕೇಳಿ. ಒಂದಿದ್ದರೂ ಡಾಕ್ಟರಿಗೆ ತೋರಿಸಿ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ನೋಡಲು ತೂಕ ಸರಿಯಿದ್ದರೂ ಊಟಕ್ಕೆ ಸಂಬಂಧಿಸಿದ ಈ ಮಾನಸಿಕ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರಬಹುದು. ಜಾಸ್ತಿ ಜನ ಎಡವುವುದು ಇಲ್ಲೇ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮದುವೆ ಮನೆಯಲ್ಲಿ ‘ಏನವ್ವಾ, ಭಾಳ ದಪ್ಪ ಆಗೀದಿ’ ಎನ್ನುವ ಅತ್ತೆ, ಚಿಕ್ಕಮ್ಮಂದಿರನ್ನು ಸುಮ್ಮನಿರಿಸುವ ಕೆಲಸ ನಿಮ್ಮದೇ.